ಮನೆಯೊಂದು, ಯಜಮಾನರಿಬ್ಬರು

ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾನು ತಂತಿ, ಪ್ಲಗ್ಗು, ರೂಟರುಗಳ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸುವರೆಂದು ಬಲ್ಲೆ. ಸಂಪಾದಕ ಮಂಡಲಿಯವರು ನನ್ನಿಂದ ಕೇಳಿದ್ದುದು ಕೆಳದಿಯ ಅರಸರನ್ನು ಕುರಿತ ಒಂದು ಪ್ರಬಂಧವನ್ನು. ಆದರೆ 2024ರ ಬೇಸಿಗೆ ರಜೆಯನ್ನೆಲ್ಲ ನಾನು ಕಳೆದದ್ದು ಕೆಳದಿಯ ಅರಸರೊಡನೆ ಅಲ್ಲ, ನಮ್ಮ ಮನೆಯ ಅಟ್ಟದ ಮೇಲೆ ಒಂದು ನೀಲಿ ಕೇಬಲ್ಲಿನೊಡನೆ. ಆಗ ಕಲಿತದ್ದು ನನ್ನಂತೆಯೇ ಹಳ್ಳಿಯ ಹಳೆಯ ಮನೆಗಳಿಂದ ಬರುವ ಸಹಪಾಠಿಗಳಿಗೆ ಉಪಯೋಗಕ್ಕೆ ಬಂದೀತೆಂದು ತೋರಿ ಇದನ್ನು ಬರೆಯುತ್ತಿದ್ದೇನೆ. ತಪ್ಪುಗಳೆಲ್ಲ ನಾನೇ ಮಾಡಿದವು. ಆದುದರಿಂದ ಯಾರನ್ನೂ ದೂರುವ ಪ್ರಮೇಯವಿಲ್ಲ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ಮುತ್ತಜ್ಜನ ಕಾಲದ ಮನೆ. ಮುಂದೆ ಜಗಲಿ, ಅದರ ಹಿಂದೆ ನಡುಮನೆ, ಪಕ್ಕಕ್ಕೆ ಅಡಿಗೆಮನೆ, ಕಟ್ಟಕಡೆಗೆ ಬಚ್ಚಲಿಗೆ ಹತ್ತಿಕೊಂಡಂತೆ ಎರಡು ಕೋಣೆಗಳು. ಗೋಡೆಗಳು ಮಣ್ಣಿನವು, ಒಂದೂವರೆ ಅಡಿಗೆ ಕಡಿಮೆಯಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ನಮ್ಮ ಅಪ್ಪಯ್ಯನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಬಚ್ಚಲಿಗೆ ಹತ್ತಿರವೆಂದು ಅವರ ಮಂಚವನ್ನು ಹಿಂದಿನ ಕೋಣೆಗೆ ಹಾಕಿದೆವು. ಏನಾದರೂ ಬೇಕಾದರೆ ಅವರು ಎಡಗೈಯಲ್ಲಿ ಒಂದು ಸ್ಟೀಲಿನ ಲೋಟ ಹಿಡಿದು ಮಂಚದ ಪಟ್ಟಿಗೆ ತಟ್ಟುವರು. ಆ ಸದ್ದು ಪಕ್ಕದ ಕೋಣೆಗೆ ಕೇಳುತ್ತದೆಯೇ ಹೊರತು ಜಗಲಿಗೆ ಕೇಳುವುದಿಲ್ಲ.

ಅಕ್ಕ ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಊರಿಂದಲೇ ಕೆಲಸ ಮಾಡಲು ಅವಳಿಗೆ ಒಂದು ತಿಂಗಳ ಮಟ್ಟಿಗೆ ಅನುಮತಿ ದೊರೆಯಿತು. ಆ ತಿಂಗಳಲ್ಲಿ ಇಂಟರ್‌ನೆಟ್ ಕೈಕೊಡದಿದ್ದರೆ ಮುಂದುವರಿಸುವುದು, ಕೈಕೊಟ್ಟರೆ ಅವಳು ಹಿಂದಿರುಗತಕ್ಕದ್ದು ಎಂಬುದು ಒಪ್ಪಂದ. ನಾನು ಹಾಸ್ಟೆಲಿನಲ್ಲಿ, ಅಮ್ಮ ದನ ತೋಟಗಳ ನಡುವೆ. ಅಕ್ಕ ಮರಳಿ ಬೆಂಗಳೂರಿಗೆ ಹೋದರೆ ಲೋಟದ ಸದ್ದನ್ನು ಕೇಳುವವರು ಯಾರು? ಮನೆಯ ಸಂಬಳವೂ ಅವಳದೇ. ಆದುದರಿಂದ ಅವಳು ಅಪ್ಪಯ್ಯನ ಪಕ್ಕದ ಕೋಣೆಯಲ್ಲೇ ಕುಳಿತು ಕೆಲಸ ಮಾಡಬೇಕಿತ್ತು; ಆ ಕೋಣೆಗೇ ವೈ-ಫೈ ಬರುತ್ತಿರಲಿಲ್ಲ.

ಏಕೆ ಬರುತ್ತಿರಲಿಲ್ಲವೆಂಬುದು ಸುಲಭವಾಗಿ ತಿಳಿಯುವಂತಹುದು. ನಾರಿನ ತಂತಿ, ಎಂದರೆ ಫೈಬರ್, ಜಗಲಿಯವರೆಗೆ ಬಂದು ಅಲ್ಲಿನ ರೂಟರಿಗೆ ಸೇರಿತ್ತು. ಅದರ ರೇಡಿಯೋ ಅಲೆಗಳು ಎರಡು ಬಗೆಯವು: 2.4 ಗಿಗಾಹರ್ಟ್ಸಿನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸಿನದು ಸುಮಾರು 6 ಸೆಂಟಿಮೀಟರ್. ಉದ್ದನೆಯದು ಗೋಡೆಗಳನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ, ಗಿಡ್ಡನೆಯದು ವೇಗವಾದರೂ ಬೇಗ ಸೋಲುತ್ತದೆ. ಮೂರು ಮಣ್ಣಿನ ಗೋಡೆ, ಅದರಲ್ಲೂ ಬಚ್ಚಲಿನ ತೇವ ಕುಡಿದ ಗೋಡೆ ಅಡ್ಡವಿದ್ದರೆ ಎರಡೂ ಸೋಲುತ್ತವೆ. ಗೆಳತಿಯೊಬ್ಬಳಿಂದ ವೈ-ಫೈ ಹಿಗ್ಗಿಸುವ ಪೆಟ್ಟಿಗೆಯೊಂದನ್ನು ಎರವಲು ತಂದು ನಡುಮನೆಯಲ್ಲಿ ಸಿಕ್ಕಿಸಿ ನೋಡಿದೆ. ಅದು ಕೇಳಿದ್ದನ್ನು ಮತ್ತೆ ಕೂಗಿ ಹೇಳುವ ಯಂತ್ರ. ತಾನೇ ಅರೆಬರೆ ಕೇಳಿದರೆ ಕೂಗುವುದೂ ಅರೆಬರೆಯೇ. ಅಲ್ಲದೆ ಒಂದೇ ರೇಡಿಯೋದಿಂದ ಕೇಳುವುದನ್ನೂ ಹೇಳುವುದನ್ನೂ ಮಾಡುವ ಪೆಟ್ಟಿಗೆಯಾದರೆ ಅರ್ಧ ಕಾಲ ಕೇಳುವುದಕ್ಕೇ ಹೋಗುತ್ತದೆ. ಅದನ್ನು ಮರುದಿನವೇ ಹಿಂದಿರುಗಿಸಿದೆ.

ಉಳಿದ ಮಾರ್ಗ ಒಂದೇ: ಜಗಲಿಯಿಂದ ಹಿಂದಿನ ಕೋಣೆಯವರೆಗೆ ಕೇಬಲ್ ಎಳೆದು, ಅಲ್ಲಿ ಎರಡನೆಯ ವೈ-ಫೈ ಪೆಟ್ಟಿಗೆಯನ್ನಿಡುವುದು. ಹೀಗೆ ತಂತಿಯಿಂದ ಉಣ್ಣುವ ಪೆಟ್ಟಿಗೆಗೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ಇಲ್ಲಿ ಇತಿಹಾಸದ ವಿದ್ಯಾರ್ಥಿನಿಯಾಗಿ ಒಂದು ಮಾತು ಹೇಳದೆ ಇರಲಾರೆ. ತಂತಿ ಹಳೆಯದು, ನಿಸ್ತಂತು ಹೊಸದು ಎಂದು ನಾವೆಲ್ಲ ತಿಳಿದಿದ್ದೇವಲ್ಲವೆ? ಕಂಪ್ಯೂಟರುಗಳ ಮಟ್ಟಿಗೆ ಸಂಗತಿ ಅಷ್ಟು ಸರಳವಲ್ಲ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು ದ್ವೀಪಗಳ ನಡುವೆ ರೇಡಿಯೋದಿಂದಲೇ ಕಂಪ್ಯೂಟರುಗಳನ್ನು ಮಾತಾಡಿಸುವ ಅಲೋಹಾ ಜಾಲವನ್ನು 1971ರಲ್ಲಿ ನಡೆಸಿ ತೋರಿಸಿದರು. ಅದನ್ನು ಅಭ್ಯಾಸ ಮಾಡಿದ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ತಂತಿಯ ಮೇಲಿನ ಈಥರ್‌ನೆಟ್ಟನ್ನು ರೂಪಿಸಿದರು. ನಮ್ಮ ಅಟ್ಟದ ಮೇಲಿನ ನೀಲಿ ಕೇಬಲ್ಲು ರೇಡಿಯೋದ ಶಿಷ್ಯನೇ ಸರಿ.

ಶಿವಮೊಗ್ಗದ ಸೋದರಮಾವನ ಮನೆಯಲ್ಲಿ ಉಪಯೋಗವಿಲ್ಲದೆ ಬಿದ್ದಿದ್ದ ಹಳೆಯ ರೂಟರೊಂದನ್ನು ತಂದೆ. ಪೇಟೆಯ ಅಂಗಡಿಯಲ್ಲಿ 30 ಮೀಟರ್ ಕೇಬಲ್ ಕೊಂಡು ಎರಡೂ ತುದಿಗೆ ಪ್ಲಗ್ಗು ಒತ್ತಿಸಿಕೊಂಡೆ. ಈ ಬಗೆಯ ಕೇಬಲ್ 100 ಮೀಟರಿನವರೆಗೆ ಸಲ್ಲುವುದರಿಂದ ಉದ್ದದ ಭಯವಿರಲಿಲ್ಲ. ಅಂಗಳದ ಮೇಲೆ ಹಾಯಿಸದೆ, ಅಟ್ಟದ ತೊಲೆಗಳ ಮಗ್ಗುಲಿಗೆ ಮನೆಯೊಳಗೇ ಎಳೆದೆ. ನಮ್ಮ ಕಡೆಯ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲನ್ನು ಬಲ್ಲವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಮಾವನ ಮನೆಯ ಹಳೆಯ ಗುಪ್ತಪದ ಯಾರಿಗೂ ನೆನಪಿರಲಿಲ್ಲವಾಗಿ, ರೂಟರಿನ ಬೆನ್ನಿನ ಸಣ್ಣ ರಂಧ್ರದೊಳಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡು ಹಿಡಿದು, ಅದನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದೆ. ಮುಂದಿನ ಅನರ್ಥಕ್ಕೆಲ್ಲ ಬೀಜ ಬಿದ್ದದ್ದು ಇಲ್ಲಿ.

ಏಕೆಂದರೆ ರೂಟರ್ ಎಂಬ ಪೆಟ್ಟಿಗೆಯೊಳಗೆ ಒಬ್ಬನಲ್ಲ, ನಾಲ್ವರಿದ್ದಾರೆ. ಹೊರಗಿನ ಇಂಟರ್‌ನೆಟ್ಟಿಗೂ ಒಳಗಿನ ಮನೆಗೂ ನಡುವೆ ನಿಂತು ಹೋಗುಬರುವ ಪೊಟ್ಟಣಗಳನ್ನು ದಾಟಿಸುವ ಹೆಬ್ಬಾಗಿಲಿನವನು ಒಬ್ಬ. ಮನೆಯ ಒಂದೊಂದು ಫೋನಿಗೂ ಕಂಪ್ಯೂಟರಿಗೂ ವಿಳಾಸ ಹಂಚುವ ಶಾನುಭೋಗ ಇನ್ನೊಬ್ಬ. ಅವನ ಕೆಲಸದ ಕ್ರಮಕ್ಕೆ ಡಿ.ಎಚ್.ಸಿ.ಪಿ. ಎಂದು ಹೆಸರು. ತಂತಿಗಳನ್ನು ಒಂದಕ್ಕೊಂದು ಕೂಡಿಸುವ ಸ್ವಿಚ್ಚಿನವನು ಮೂರನೆಯವನು. ವೈ-ಫೈಯನ್ನು ಬೀರುವವನು ನಾಲ್ಕನೆಯವನು. ನಮಗೆ ಹಿಂದಿನ ಕೋಣೆಯಲ್ಲಿ ಬೇಕಾಗಿದ್ದವರು ಕೊನೆಯ ಇಬ್ಬರು ಮಾತ್ರ. ನಾನು ನಾಲ್ವರನ್ನೂ ಕರೆತಂದು ಕೂರಿಸಿದೆ.

ಮೊದಲ ದಿನ ಕೇಬಲ್ಲನ್ನು ಹಳೆಯ ರೂಟರಿನ ಬೇರೆ ಬಣ್ಣದ ಕಿಂಡಿಗೆ, ಎಂದರೆ ಇಂಟರ್‌ನೆಟ್ಟಿನ ತಂತಿಗೆಂದೇ ಇರುವ ವ್ಯಾನ್ ಕಿಂಡಿಗೆ ಸಿಕ್ಕಿಸಿದೆ. ಇಂಟರ್‌ನೆಟ್ ಬರುವುದು ಈ ತಂತಿಯಿಂದಲೇ ಅಲ್ಲವೆ ಎಂಬ ತರ್ಕ. ಫೋನಿನಲ್ಲಿ ವೈ-ಫೈಯ ಗುರುತು ಪೂರ್ಣವಾಗಿ ಕಾಣಿಸಿತು. ಕೆಳಗೆ, ಇಂಟರ್‌ನೆಟ್ ಇಲ್ಲ ಎಂಬ ಒಕ್ಕಣೆ. ಕಾರಣ ಆಮೇಲೆ ತಿಳಿಯಿತು. ಜಗಲಿಯ ರೂಟರಿನ ವಿಳಾಸ 192.168.1.1. ಕಾರ್ಖಾನೆಯ ಸ್ಥಿತಿಗೆ ಮರಳಿದ ಹಳೆಯ ರೂಟರಿನದೂ 192.168.1.1. 192.168ರಿಂದ ಆರಂಭವಾಗುವ ವಿಳಾಸಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಿಟ್ಟಿರುವುದರಿಂದ ರೂಟರು ತಯಾರಿಸುವವರು ಬಹುಮಂದಿ ಅದನ್ನೇ ಹಿಡಿಯುತ್ತಾರೆ. ಬಾಗಿಲಿನ ಒಳಗಿನ ಬೀದಿಗೂ ಹೊರಗಿನ ಬೀದಿಗೂ ಒಂದೇ ಹೆಸರಿದ್ದರೆ ಬಾಗಿಲಿನವನು ಯಾವುದನ್ನು ಎಲ್ಲಿಗೆ ಕಳುಹಿಸಬೇಕು? ಅವನು ಕಳುಹಿಸಲೇ ಇಲ್ಲ. ಒಳಬೀದಿಯ ಹೆಸರನ್ನು 192.168.5 ಎಂದು ಬದಲಿಸಿದ್ದರೆ ಈ ಕಿಂಡಿಯಿಂದಲೂ ಕೆಲಸವಾಗುತ್ತಿತ್ತು. ಆದರೆ ಆಗ ಮನೆಯಲ್ಲಿ ಎರಡು ಬೀದಿಗಳಾಗಿ, ಅಕ್ಕನ ಲ್ಯಾಪ್‌ಟಾಪಿಗೆ ಜಗಲಿಯ ಪ್ರಿಂಟರ್ ಕಾಣಿಸದೆ ಹೋಗುತ್ತಿತ್ತು.

ಎರಡನೆಯ ದಿನ, ಯಾರೋ ಹೇಳಿದ್ದನ್ನು ಕೇಳಿ, ಕೇಬಲ್ಲನ್ನು ಪಕ್ಕದ ಲ್ಯಾನ್ ಕಿಂಡಿಗೆ ಬದಲಿಸಿದೆ. ಸಲಹೆಯೇನೋ ಸರಿಯಾದದ್ದೇ, ಆದರೆ ಅರ್ಧ ಸಲಹೆ. ಹತ್ತು ನಿಮಿಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಅಕ್ಕ ಲ್ಯಾಪ್‌ಟಾಪಿನ ಮುಂದೆ ಸಭೆಗೆ ಕುಳಿತಳು. ನಾನು ವಿಜಯೋತ್ಸಾಹದಿಂದ ಕಾಫಿ ಕುಡಿಯುತ್ತಿದ್ದೆ. ಆಗ ಒಳಗಿನಿಂದ, "ಎಂತ ಮಾಡಿದೆ ಮಾರಾಯ್ತಿ! ಎಲ್ಲ ನಿಂತೇ ಹೋಯ್ತಲ್ಲ!" ಎಂಬ ಕೂಗು ಕೇಳಿಸಿತು. ಅವಳು ಲ್ಯಾಪ್‌ಟಾಪನ್ನೆತ್ತಿಕೊಂಡು ಜಗಲಿಗೆ ಓಡಿಬಂದಳು. ಆಶ್ಚರ್ಯವೆಂದರೆ ಜಗಲಿಯಲ್ಲೂ ಇಲ್ಲ! ಮೊದಲಿನಿಂದ ಸರಿಯಾಗಿದ್ದ ಜಾಗವೂ ಕೆಟ್ಟುಹೋಗಿತ್ತು. ಒಮ್ಮೆ ಬರುವುದು, ಒಮ್ಮೆ ಹೋಗುವುದು. ಒಂದು ಫೋನಿಗೆ ಇರುವುದು, ಇನ್ನೊಂದಕ್ಕೆ ಇಲ್ಲದಿರುವುದು. ಆ ದಿನ ಅವಳ ಮೇಲಿನವರಿಂದ ಬಂದ ಪತ್ರ ಸೌಜನ್ಯಪೂರ್ಣವಾಗಿಯೇ ಇತ್ತು. ಅದನ್ನೋದಿ ಅವಳು ಏನೂ ಮಾತಾಡದೆ ಅಪ್ಪಯ್ಯನಿಗೆ ಗಂಜಿ ಕೊಡಲು ಹೋದಳು. ನನ್ನನ್ನು ಬೈದಿದ್ದರೆ ವಾಸಿಯಿತ್ತು.

ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ಕೋರುತ್ತೇನೆ. ಮನೆಯ ಜಾಲಕ್ಕೆ ಹೊಸ ಪೆಟ್ಟಿಗೆಯನ್ನು ಸೇರಿಸಿದ ಮೇಲೆ ಸರಿಯಾಗಿದ್ದ ಭಾಗವೂ ಕೆಟ್ಟಿತೆಂದರೆ, ಅದು ವೈ-ಫೈಯ ಬಲ ಸಾಲದ ರೋಗವಲ್ಲ. ನಾನಾದರೋ ಆ ಸಂಜೆಯೆಲ್ಲ ಪೆಟ್ಟಿಗೆಯ ಕಿವಿಗಳಂತಿರುವ ಕಡ್ಡಿಗಳನ್ನು ಆಚೆ ಈಚೆ ತಿರುಗಿಸುವುದರಲ್ಲಿ ಕಳೆದೆ. ಬಲ ಸಾಲದಿದ್ದರೆ ದೂರದಲ್ಲಿ ಕೆಡುತ್ತದೆ, ಹತ್ತಿರದಲ್ಲಿ ಕೆಡುವುದಿಲ್ಲ. ಹತ್ತಿರದಲ್ಲೂ ಕೆಟ್ಟರೆ ಮನೆಯಲ್ಲಿ ಇಬ್ಬರು ಯಜಮಾನರಿದ್ದಾರೆಂದು ಸಂಶಯಪಡಬೇಕು.

ವಿಳಾಸ ಹಂಚುವ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ಒಂದು ಫೋನು ಜಾಲಕ್ಕೆ ಬಂದೊಡನೆ, ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ, ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಕೇಳಿಸಿಕೊಂಡ ಶಾನುಭೋಗನು, ಇಗೋ ಈ ವಿಳಾಸ ಖಾಲಿಯಿದೆ, ಎನ್ನುತ್ತಾನೆ. ಫೋನು, ಹಾಗಾದರೆ ಅದನ್ನೇ ಕೊಡಿ, ಎನ್ನುತ್ತದೆ. ಅವನು, ಕೊಟ್ಟೆ, ಇಷ್ಟು ಕಾಲ ನಿನ್ನದು, ಹೊರಗೆ ಹೋಗುವ ಬಾಗಿಲು ಇಂಥದು, ಎಂದು ಬರೆದುಕೊಳ್ಳುತ್ತಾನೆ. ನಾಲ್ಕು ಮಾತುಗಳಲ್ಲಿ ವ್ಯವಹಾರ ಮುಗಿಯುತ್ತದೆ. ಕೂಗನ್ನು ಇಬ್ಬರು ಶಾನುಭೋಗರು ಕೇಳಿಸಿಕೊಂಡರೆ? ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವನದೇ ನಡೆಯುತ್ತದೆ. ನಮ್ಮ ಹಳೆಯ ರೂಟರಿಗೆ ಕೆಲಸವೇನೂ ಇಲ್ಲದ್ದರಿಂದ ಅದು ಬಹು ಚುರುಕಾಗಿ ಉತ್ತರ ಕೊಡುತ್ತಿತ್ತು. ಹೊರಗಿನ ಬಾಗಿಲು ಯಾವುದೆಂದರೆ, ನಾನೇ, 192.168.1.1, ಎನ್ನುತ್ತಿತ್ತು. ಅದರ ಹಿಂದೆ ಬಾಗಿಲೇ ಇಲ್ಲ, ಗೋಡೆ! ಸಾಲದ್ದಕ್ಕೆ ಜಗಲಿಯ ನಿಜವಾದ ಬಾಗಿಲಿನ ವಿಳಾಸವೂ ಅದೇ ಆದುದರಿಂದ, ಯಾವ ಫೋನು ಯಾವ ಹೊತ್ತಿನಲ್ಲಿ ಯಾರ ಮುಂದೆ ಹೋಗಿ ನಿಲ್ಲುವುದೆಂದು ಹೇಳುವಂತಿರಲಿಲ್ಲ. ಬರುವುದು ಹೋಗುವುದು ಆಗುತ್ತಿದ್ದುದು ಹೀಗೆ.

1765ರಲ್ಲಿ ರಾಬರ್ಟ್ ಕ್ಲೈವನು ಬಂಗಾಳದಲ್ಲಿ ಆರಂಭಿಸಿದ ದ್ವಿಮುಖ ಸರ್ಕಾರವನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಕಂದಾಯದ ಅಧಿಕಾರ ಕಂಪನಿಯದು, ಆಡಳಿತದ ಹೊಣೆ ನವಾಬನದು. ರೈತನು ಯಾರ ಬಳಿ ಹೋದರೂ ನಾನಲ್ಲ ಅವನು ಎಂಬ ಉತ್ತರ. 1772ರಲ್ಲಿ ಹೇಸ್ಟಿಂಗ್ಸನು ಅದನ್ನು ರದ್ದುಪಡಿಸುವವರೆಗೆ ನಡೆದ ಅವ್ಯವಸ್ಥೆಯನ್ನು ಪರೀಕ್ಷೆಯಲ್ಲಿ ಹತ್ತು ಅಂಕಗಳಿಗೆ ಬರೆದವಳು ನಾನು. ಅದೇ ರೋಗ ನಮ್ಮ ಅಟ್ಟದ ಕೆಳಗೆ ನಡೆಯುತ್ತಿದ್ದರೂ ಗುರುತಿಸಲಾರದೆ ಹೋದೆ.

ಗುರುತು ಸಿಕ್ಕಿದ್ದು ಅಕ್ಕನ ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ. ಪ್ರತಿಯೊಂದು ಯಂತ್ರಕ್ಕೂ, ಶಾನುಭೋಗ ಕೊಡುವ ವಿಳಾಸವಲ್ಲದೆ, ಕಾರ್ಖಾನೆಯಲ್ಲೇ ಒತ್ತಿದ ಹನ್ನೆರಡು ಅಕ್ಷರಾಂಕಗಳ ಇನ್ನೊಂದು ಗುರುತು ಇರುತ್ತದೆ. ಅದಕ್ಕೆ ಮ್ಯಾಕ್ ವಿಳಾಸವೆನ್ನುತ್ತಾರೆ. ಮೊದಲನೆಯದು ಬಾಡಿಗೆ ಮನೆಯ ನಂಬರಿನಂತೆ, ಎರಡನೆಯದು ಮೈಮೇಲಿನ ಮಚ್ಚೆಯಂತೆ. ಕಪ್ಪು ಪರದೆಯಲ್ಲಿ ಎ.ಆರ್.ಪಿ. ಎಂಬ ಮೂರಕ್ಷರದ ಆಜ್ಞೆಯ ಮುಂದೆ ಒಂದು ಅಡ್ಡಗೆರೆ ಮತ್ತು ಎ ಅಕ್ಷರವನ್ನು ಸೇರಿಸಿ ಕೊಟ್ಟರೆ, ತಾನು ಯಾವ ವಿಳಾಸದಲ್ಲಿ ಯಾವ ಮಚ್ಚೆಯವರನ್ನು ಕಂಡಿದ್ದೇನೆಂದು ಲ್ಯಾಪ್‌ಟಾಪು ಪಟ್ಟಿ ಕೊಡುತ್ತದೆ. 192.168.1.1ರ ಎದುರಿಗಿದ್ದ ಹನ್ನೆರಡು ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಂಡು ಜಗಲಿಗೆ ಹೋಗಿ ರೂಟರನ್ನು ಮಗುಚಿ ನೋಡಿದೆ. ಬೇರೆ. ಹಿಂದಿನ ಕೋಣೆಗೆ ಹೋಗಿ ಹಳೆಯದನ್ನು ಮಗುಚಿದೆ. ಅದೇ! ಕೊನೆಯ ಅಂಕವೊಂದು ಮಾತ್ರ ಹೆಚ್ಚುಕಡಿಮೆ. ಒಂದೇ ಪೆಟ್ಟಿಗೆಯ ಬೇರೆಬೇರೆ ಕಿಂಡಿಗಳಿಗೆ ಅಷ್ಟು ವ್ಯತ್ಯಾಸವಿರುವುದು ವಾಡಿಕೆ. ಕಳ್ಳನು ಮಚ್ಚೆಯಿಂದ ಸಿಕ್ಕಿಬಿದ್ದ ಕಥೆಗಳನ್ನು ಅಜ್ಜಿಯಿಂದ ಕೇಳಿದ್ದೆ. ಕಣ್ಣಾರೆ ಕಂಡದ್ದು ಅಂದೇ.

ಹಳೆಯ ರೂಟರಿನ ಕೇಬಲ್ಲನ್ನು ಕಿತ್ತೆ. ಮನೆ ಸರಿಯಾಯಿತೆಂದುಕೊಂಡರೆ ಅಮ್ಮನ ಫೋನು, ಅಕ್ಕನ ಲ್ಯಾಪ್‌ಟಾಪು ಎರಡೂ ಒಂದನ್ನೊಂದು ಬೀಳಿಸುತ್ತಿದ್ದವು. ಅಮ್ಮ ಫೋನು ಹಿಡಿದುಕೊಂಡು ಹಾಲಿನ ಡೈರಿಗೆ ಹೋಗಿದ್ದಾಗ, ಜಗಲಿಯ ಶಾನುಭೋಗ ಅವಳ ಹೆಸರಿಗೆ ಬರೆದಿಟ್ಟಿದ್ದ 192.168.1.100ನ್ನು ಹೊಸ ಶಾನುಭೋಗ ಲ್ಯಾಪ್‌ಟಾಪಿಗೆ ಕೊಟ್ಟುಬಿಟ್ಟಿದ್ದ. ಇಬ್ಬರ ಪಟ್ಟಿಯೂ 100ರಿಂದಲೇ ಆರಂಭ! ಅಧಿಕಾರಿ ಹೋದರೂ ಅವನು ಬರೆದ ಪಟ್ಟೆ ಅವಧಿ ಮುಗಿಯುವವರೆಗೆ ಊರ್ಜಿತವಾಗಿರುತ್ತದೆ. ಆದುದರಿಂದ ಇಂತಹ ಸಂದರ್ಭದಲ್ಲಿ ಮನೆಯ ಪ್ರತಿಯೊಂದು ಸಲಕರಣೆಯ ವೈ-ಫೈಯನ್ನೂ ಒಮ್ಮೆ ಆರಿಸಿ ಹೊತ್ತಿಸಿ, ಹೊಸ ವಿಳಾಸ ಪಡೆಯುವಂತೆ ಮಾಡಬೇಕು. ಈ ಸಣ್ಣ ಕೆಲಸವನ್ನು ಮಾಡದೆ, ತಾನು ಮಾಡಿದ ದುರಸ್ತಿಯೇ ತಪ್ಪೆಂದು ಮತ್ತೆ ಹಿಂದಕ್ಕೆ ಹೋಗುವವರು ಬಹಳ.

ಇನ್ನು ಚಿಕಿತ್ಸೆ. ಹಳೆಯ ರೂಟರನ್ನು ಜಾಲದಿಂದ ಪೂರ್ತಿ ಬಿಡಿಸಿ, ಲ್ಯಾಪ್‌ಟಾಪಿನ ವೈ-ಫೈ ಆರಿಸಿ, ಎರಡನ್ನೂ ಒಂದು ಮೀಟರಿನ ಸಣ್ಣ ಕೇಬಲ್ಲಿನಿಂದ ಕೂಡಿಸಬೇಕು. ಪೆಟ್ಟಿಗೆಯ ಪುಟವನ್ನು ತೆರೆದು ಮೊದಲು ಅದರ ವಿಳಾಸವನ್ನು 192.168.1.2 ಎಂದು ಬದಲಿಸಬೇಕು. ಈ ವಿಳಾಸವು ಜಗಲಿಯ ಶಾನುಭೋಗ ಹಂಚುವ ಪಟ್ಟಿಯ ಹೊರಗಿರತಕ್ಕದ್ದು. ಆಮೇಲೆ ಹೊಸ ವಿಳಾಸದಿಂದ ಪುನಃ ಒಳಗೆ ಹೋಗಿ ಡಿ.ಎಚ್.ಸಿ.ಪಿ.ಯನ್ನು ನಿಲ್ಲಿಸಬೇಕು. ಕಡೆಗೆ ಉದ್ದನೆಯ ಕೇಬಲ್ಲನ್ನು ಲ್ಯಾನ್ ಕಿಂಡಿಗೆ ಹಾಕಬೇಕು. ವ್ಯಾನ್ ಕಿಂಡಿ ಖಾಲಿಯಿರಲಿ. ಈಚಿನ ಪೆಟ್ಟಿಗೆಗಳಲ್ಲಿ ಆಕ್ಸೆಸ್ ಪಾಯಿಂಟ್ ಎಂಬ ಒಂದು ಗುಂಡಿ ಒತ್ತಿದರೆ ಇಷ್ಟೂ ತಾನಾಗಿ ಆಗುತ್ತದಂತೆ. ಮಾವನ ಪೆಟ್ಟಿಗೆಯಲ್ಲಿ ಆ ಸೌಕರ್ಯವಿರಲಿಲ್ಲ.

ನಾನು ಮೊದಲು ಡಿ.ಎಚ್.ಸಿ.ಪಿ. ನಿಲ್ಲಿಸಿ, ಆಮೇಲೆ ವಿಳಾಸ ಬದಲಿಸಲು ಹೋದೆ. ಪೆಟ್ಟಿಗೆ ಆರಿ ಹೊತ್ತಿತು. ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇಲ್ಲದಾಗಿ, ಅದು 169.254ರಿಂದ ಆರಂಭವಾಗುವ ಒಂದು ವಿಳಾಸವನ್ನು ತನಗೆ ತಾನೇ ಇಟ್ಟುಕೊಂಡು ಕುಳಿತಿತು. ಈ ಅಂಕಿಯನ್ನು ಕಂಡರೆ ಶಾನುಭೋಗ ಸಿಕ್ಕಲಿಲ್ಲವೆಂದು ಅರ್ಥ. ಇದನ್ನು ನೆನಪಿಟ್ಟರೆ ಅರ್ಧ ಗಂಟೆ ಉಳಿಯುತ್ತದೆ. ಲ್ಯಾಪ್‌ಟಾಪಿಗೆ ಕೈಯಿಂದಲೇ 192.168.1.50 ಎಂದು ವಿಳಾಸ ಬರೆದುಕೊಟ್ಟು ಒಳಹೊಕ್ಕು, ಉಳಿದ ಕೆಲಸ ಮುಗಿಸಿದೆ. ಆ ಮೇಲೆ ಲ್ಯಾಪ್‌ಟಾಪಿಗೆ ಬರೆದದ್ದನ್ನು ಅಳಿಸಲು ಮರೆತು ಇನ್ನೊಂದು ಹತ್ತು ನಿಮಿಷ ಪೇಚಾಡಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಮೂರು ದಿನ ನೆಮ್ಮದಿ. ಅಕ್ಕ ಹಿಂದಿನ ಕೋಣೆಯಲ್ಲಿ ಕುಳಿತು ಕೆಲಸ ಮಾಡಿದಳು. ಲೋಟ ತಟ್ಟಿದರೆ ಎದ್ದುಹೋಗಿ ಬರುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಮತ್ತೆ ಕೈಕೊಟ್ಟಿತು. ಈ ಬಾರಿ ಜಗಲಿಯಲ್ಲಿ ಎಲ್ಲವೂ ಸರಿಯಿತ್ತು. ಹಿಂದಿನ ಕೋಣೆಯಲ್ಲಿ ಮಾತ್ರ ಕೇಬಲ್ ಕಿಂಡಿಯ ಮಗ್ಗುಲಿನ ದೀಪ ಆರುವುದು, ಹೊತ್ತುವುದು, ಮತ್ತೆ ಆರುವುದು. ತಿಂಗಳು ಮುಗಿಯಲು ಇನ್ನು ಹನ್ನೊಂದು ದಿನವಿತ್ತು. ಅಕ್ಕ, "ನೀನು ಸುಮ್ಮನಿರು, ನಾನು ಹೋಗ್ತೇನೆ ಬಿಡು. ಅಪ್ಪಯ್ಯನಿಗೆ ಯಾರನ್ನಾದರೂ ಗೊತ್ತು ಮಾಡುವ" ಎಂದಳು. ನಾನು ಒಂದು ರಾತ್ರಿಯ ಅವಕಾಶ ಕೇಳಿದೆ.

ಪೆಟ್ಟಿಗೆಯ ದೋಷವೋ ಕೇಬಲ್ಲಿನ ದೋಷವೋ ತಿಳಿಯಬೇಕಾದರೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಏನು ಸರಿಹೋಯಿತೆಂದು ತಿಳಿಯುವುದಿಲ್ಲ. ಹಳೆಯ ರೂಟರನ್ನು ಜಗಲಿಗೆ ತಂದು, ಹೊಸದರ ಪಕ್ಕದಲ್ಲೇ ಇಟ್ಟು, ಸಣ್ಣ ಕೇಬಲ್ಲಿನಿಂದ ಕೂಡಿಸಿದೆ. ಲ್ಯಾಪ್‌ಟಾಪಿನಿಂದ ಅದರ ವೈ-ಫೈಗೆ ಸೇರಿ, ಜಗಲಿಯ ರೂಟರಿಗೆ ಪಿಂಗ್ ಕಳುಹಿಸುತ್ತ ಇಟ್ಟೆ. ಪಿಂಗ್ ಎಂದರೆ, ಇದ್ದೀಯಾ, ಎಂದು ಕೇಳಿ, ಇದ್ದೇನೆ, ಎಂಬ ಉತ್ತರಕ್ಕೆ ಎಷ್ಟು ಹೊತ್ತಾಯಿತೆಂದು ಅಳೆಯುವ ಸಾಧನ. ಮೈಕ್ ಮ್ಯೂಸ್ ಎಂಬ ಅಮೆರಿಕನ್ನರು 1983ರ ಡಿಸೆಂಬರಿನಲ್ಲಿ ಬರೆದದ್ದು. ಜಲಾಂತರ್ಗಾಮಿಗಳನ್ನು ಹುಡುಕಲು ನೀರಿನಲ್ಲಿ ಸದ್ದು ಹೊರಡಿಸುವ ಸೋನಾರಿನ ಧ್ವನಿಯಿಂದ ಈ ಹೆಸರು ಬಂತು. ಬೆಳಗಿನವರೆಗೆ ಒಂದು ಉತ್ತರವೂ ತಪ್ಪಲಿಲ್ಲ. ಪೆಟ್ಟಿಗೆ ನಿರಪರಾಧಿ. ಹಾಗಾದರೆ ಕೇಬಲ್ಲೇ.

ಇಲಿ ಕಡಿದಿರಬೇಕೆಂದು ಅಮ್ಮ ಹೇಳಿದಳು. ಅಟ್ಟ ಹತ್ತಿ ಟಾರ್ಚು ಹಿಡಿದು ಮೂವತ್ತು ಮೀಟರನ್ನೂ ಕೈಯಿಂದ ಸವರಿ ನೋಡಿದೆ. ಎಲ್ಲೂ ಗಾಯವಿಲ್ಲ. ಕೆಳಗಿಳಿದು ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದಾಗ ಸಂಗತಿ ಕಾಣಿಸಿತು. ಒಳಗೆ ಎಂಟು ತಂತಿಗಳು ಸಾಲಾಗಿ ಮುಂದಿನ ಗೋಡೆಗೆ ಮುಟ್ಟಿ ನಿಲ್ಲಬೇಕು: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಏಳನೆಯ ಕಂದು-ಬಿಳಿ ತಂತಿ ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಒತ್ತುವಾಗ ಜಾರಿರಬೇಕು.

ಒಂದು ತಂತಿ ಮುಟ್ಟದಿದ್ದರೆ ಪೂರ್ತಿ ನಿಲ್ಲಬೇಕಲ್ಲ, ಮೂರು ದಿನ ನಡೆದದ್ದು ಹೇಗೆ? ಒಂದು ಕಾರಣ, ಅದು ಅರ್ಧ ಮುಟ್ಟಿಯೂ ಮುಟ್ಟದಂತೆ ಇದ್ದದ್ದು. ಇನ್ನೊಂದು ಸ್ವಾರಸ್ಯವಾದದ್ದು. ಕೇಬಲ್ಲಿನ ಎರಡು ತುದಿಯ ಯಂತ್ರಗಳು, ನಾವು ಯಾವ ವೇಗದಲ್ಲಿ ಮಾತಾಡೋಣ, ಎಂದು ಮೊದಲು ಚೌಕಾಶಿ ಮಾಡುತ್ತವೆ. ಆ ಮಾತುಕತೆ ನಡೆಯುವುದು 1, 2, 3, 6ನೆಯ ತಂತಿಗಳ ಮೇಲೆ ಮಾತ್ರ. ಸೆಕೆಂಡಿಗೆ 100 ಮೆಗಾಬಿಟ್ಟಿನ ವೇಗಕ್ಕೂ ಆ ನಾಲ್ಕೇ ಸಾಕು. ಆದರೆ 1000 ಮೆಗಾಬಿಟ್ಟಿಗೆ ಎಂಟೂ ಬೇಕು. ನಮ್ಮ ಎರಡು ಪೆಟ್ಟಿಗೆಗಳೂ ಸಾವಿರದವು. ನಾಲ್ಕು ಒಳ್ಳೆಯ ತಂತಿಗಳ ಮೇಲೆ ಸಾವಿರಕ್ಕೆ ಒಪ್ಪಂದ ಮಾಡಿಕೊಂಡು, ಕೆಲಸಕ್ಕಿಳಿದಾಗ ಏಳನೆಯದು ಕೈಕೊಟ್ಟು, ಒಪ್ಪಂದ ಮುರಿದು, ಮತ್ತೆ ಮೊದಲಿನಿಂದ ಚೌಕಾಶಿ. ದೀಪ ಆರಿ ಹೊತ್ತುತ್ತಿದ್ದುದು ಅದಕ್ಕೆ. ನಿಶ್ಚಿತಾರ್ಥದ ಮಾತುಕತೆಗೆ ಬಂದವರು ನಾಲ್ವರು, ಸಂಸಾರ ನಡೆಸಬೇಕಾದವರು ಎಂಟು ಮಂದಿ ಎಂದಾಗ ಆಗುವ ಫಜೀತಿಯೇ ಇದು.

ಪೇಟೆಯ ಎಲೆಕ್ಟ್ರಿಕ್ ಅಂಗಡಿಯವರು ಒತ್ತುವ ಇಕ್ಕಳವನ್ನೂ, ಎಂಟು ದೀಪಗಳ ಪರೀಕ್ಷಾ ಯಂತ್ರವನ್ನೂ ಒಂದು ದಿನಕ್ಕೆ ಕೊಟ್ಟು, ಜೊತೆಗೆ ನಾಲ್ಕು ಪ್ಲಗ್ಗು ಕೊಟ್ಟರು. ಮೂರನ್ನು ಕೆಡಿಸಿದೆ. ನಾಲ್ಕನೆಯದು ಕೂತಿತು. ಮೊದಲು ಹೊತ್ತದಿದ್ದ ಏಳನೆಯ ದೀಪ ಈಗ ತನ್ನ ಸರದಿಗೆ ಸರಿಯಾಗಿ ಹೊತ್ತಿತು. ಸಭೆಯಲ್ಲಿ ಬಹುಮಾನ ಪಡೆದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಉಳಿದದ್ದು ವೈ-ಫೈಯ ಹೆಸರಿನ ವಿಷಯ. ದುರಸ್ತಿ ನಡೆಯುವಷ್ಟು ದಿನ ಎರಡು ಪೆಟ್ಟಿಗೆಗಳಿಗೂ ಬೇರೆ ಬೇರೆ ಹೆಸರಿಡುವುದು ಲೇಸು. ಯಾವುದರಲ್ಲಿದ್ದೇವೆಂದು ಆಗ ನಿಸ್ಸಂಶಯವಾಗಿ ತಿಳಿಯುತ್ತದೆ. ಎಲ್ಲ ಸರಿಹೋದ ಮೇಲೆ ಎರಡಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ ಕೊಟ್ಟೆ. ಚಾನೆಲ್ಲುಗಳು ಮಾತ್ರ ಬೇರೆಯಿರಬೇಕು. 2.4 ಗಿಗಾಹರ್ಟ್ಸಿನಲ್ಲಿ 1, 6, 11 ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲವಾಗಿ, ಜಗಲಿಗೆ 1, ಹಿಂದಿನ ಕೋಣೆಗೆ 11 ಎಂದು ಗೊತ್ತುಮಾಡಿದೆ. ಒಂದೇ ಹೆಸರಾದರೂ ಯಾವ ಪೆಟ್ಟಿಗೆಯನ್ನು ಹಿಡಿಯಬೇಕೆಂಬ ತೀರ್ಮಾನ ಫೋನಿನದು. ಜಗಲಿಯಿಂದ ಒಳಗೆ ಬಂದರೂ ಅದು ಹಳೆಯ ಸ್ನೇಹವನ್ನು ಬಿಡಲೊಲ್ಲದೆ ಒಂದೇ ಗೆರೆಯ ಬಲದಲ್ಲಿ ತೂಗಾಡುವುದುಂಟು. ಅಮ್ಮನ ಫೋನು ಇಂದಿಗೂ ಹಾಗೆ ಮಾಡುತ್ತದೆ. ಅವಳು ಅದನ್ನು ಆರಿಸಿ ಹೊತ್ತಿಸಲು ಕಲಿತಿದ್ದಾಳೆ. ಗುಡುಗು ಕೇಳಿಸಿದೊಡನೆ ಎರಡೂ ಪೆಟ್ಟಿಗೆಗಳ ಪ್ಲಗ್ಗು ಕೀಳುವುದೂ ಅವಳದೇ ಖಾತೆ.

ಅಡಿಗೆಮನೆಯ ಗೂಡಿನ ಬಾಗಿಲ ಒಳಮಗ್ಗುಲಿಗೆ ಒಂದು ಕಾಗದ ಅಂಟಿಸಿದ್ದೇನೆ. ಜಗಲಿ, 192.168.1.1, ವಿಳಾಸ ಹಂಚುವುದು ಇದೇ. ಹಿಂದಿನ ಕೋಣೆ, 192.168.1.2, ಹಂಚಕೂಡದು. ಪಿನ್ನು ಚುಚ್ಚಿದರೆ ಮತ್ತೆ ಯಜಮಾನನಾಗುತ್ತದೆ, ಚುಚ್ಚಬೇಡಿ. ಜೂನ್ ತಿಂಗಳಲ್ಲಿ ಕಾಲೇಜಿಗೆ ಹೊರಡುವ ದಿನ, ಹೇಳಿಬರಲೆಂದು ಅಪ್ಪಯ್ಯನ ಕೋಣೆಗೆ ಹೋದೆ. ಗೋಡೆಯಾಚೆ ಅಕ್ಕ ಯಾರೊಡನೆಯೋ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಅಪ್ಪಯ್ಯ ಎಡಗೈಯಿಂದ ಲೋಟವನ್ನೆತ್ತಿ ಒಂದು ಸಲ ತಟ್ಟಿದರು. ಅಕ್ಕನ ಮಾತು ನಿಂತಿತು. ಕುರ್ಚಿ ಸರಿದ ಸದ್ದಾಯಿತು. ಬಾಗಿಲಲ್ಲಿ ಬಂದು ನಿಂತು, "ಎಂತ ಬೇಕು ಅಪ್ಪಯ್ಯ?" ಎಂದಳು. ಅವರಿಗೆ ಏನೂ ಬೇಕಾಗಿರಲಿಲ್ಲ. ಬಸ್ಸಿಗೆ ಹೊರಟು ನಿಂತಿದ್ದ ನನ್ನನ್ನು ಕಣ್ಣಿನಿಂದ ತೋರಿಸಿದರು.